ಓದುಗರ ಪ್ರಶ್ನೆ: ಆಕ್ಟೇವಿಯಾ ಬಟ್ಲರ್ ಭವಿಷ್ಯ ನುಡಿದರಾ?

ಪ್ರಶ್ನೆ: ಅಮೆರಿಕದ ವೈಜ್ಞಾನಿಕ ಕಥೆಗಳ ಲೇಖಕಿ ಆಕ್ಟೇವಿಯಾ ಬಟ್ಲರ್ 1993ರಲ್ಲೇ 2024ರ ಬಗ್ಗೆ ಬರೆದರು, ಎಲ್ಲ ಹಾಗೇ ಆಯಿತು ಅಂತಾರೆ. ಅವರ ಹೆಚ್ಚುಗಾರಿಕೆ ಇಷ್ಟೇನಾ? ಅವರ ‘ಕಿಂಡ್ರೆಡ್’ ಓದಿದೆ. ಅದರಲ್ಲಿ ವಿಜ್ಞಾನವೇ ಇಲ್ಲವಲ್ಲ?

ಉತ್ತರ: ಎರಡನೆಯದು ಮೊದಲು. ನೀವು ಹೇಳಿದ್ದು ಸರಿ. 1979ರ ಆ ಕಾದಂಬರಿಯಲ್ಲಿ ಕಾಲಯಂತ್ರವೂ ಇಲ್ಲ. 1976ರ ಕ್ಯಾಲಿಫೋರ್ನಿಯಾದಲ್ಲಿರುವ ಡೇನಾ ಎಂಬ ಕಪ್ಪು ಹೆಣ್ಣುಮಗಳಿಗೆ ತಲೆ ಸುತ್ತುತ್ತದೆ. ಕಣ್ಣು ಬಿಟ್ಟರೆ ಗುಲಾಮಗಿರಿ ಕಾಲದ ಮೇರಿಲ್ಯಾಂಡ್! ಹೇಗೆ ಹೋದಳು ಅಂತ ವಿವರಿಸುವ ಗೋಜಿಗೇ ಬಟ್ಲರ್ ಹೋಗಲಿಲ್ಲ. ಅದು ಫ್ಯಾಂಟಸಿ ಅಂತ ಅವರೇ ಹೇಳುತ್ತಿದ್ದರು. ಕೊನೆಯ ಸಲ ವಾಪಸ್ ಬರುವಾಗ ಡೇನಾಳ ಎಡಗೈ ಗೋಡೆಯಲ್ಲಿ ಸಿಕ್ಕಿಕೊಂಡು ಹೋಗಿಬಿಡುತ್ತದೆ. ಇದನ್ನು ಬಚ್ಚಿಟ್ಟು ಕೊನೆಗೆ ಹೇಳುವುದಿಲ್ಲ, ಶುರುವಿನಲ್ಲೇ ಹೇಳಿಬಿಡುತ್ತಾರೆ. ಮೊದಲ ಓದಿಗೆ ನನಗೆ ಸಿಟ್ಟೇ ಬಂದಿತ್ತು, ಪಾಪ, ಕೈಯನ್ನಾದರೂ ಬಿಡಬಾರದಿತ್ತೇ ಅಂತ. ಆಮೇಲೆ ಅವರದೊಂದು ಸಂದರ್ಶನ ಓದಿದೆ. ಗುಲಾಮಗಿರಿ ಜನರನ್ನು ಇಡಿಯಾಗಿ ಉಳಿಸಲಿಲ್ಲ, ಹಾಗಾಗಿ ಡೇನಾಳನ್ನೂ ಇಡಿಯಾಗಿ ತರಲಾಗಲಿಲ್ಲ ಎಂಬರ್ಥದ ಮಾತು ಅದರಲ್ಲಿತ್ತು. ಆ ಪುಸ್ತಕವನ್ನು ಆಮೇಲೆ ಮೂರು ಸಲ ಓದಿದ್ದೇನೆ.

ಇನ್ನು ಭವಿಷ್ಯದ ಮಾತು. ನೀವು ಹೇಳುವ 1993ರ ಕಾದಂಬರಿ ‘ಪ್ಯಾರಬಲ್ ಆಫ್ ದಿ ಸೋವರ್’ ಶುರುವಾಗುವುದು 2024ರ ಜುಲೈನಲ್ಲಿ. ನೀರು ದುಬಾರಿ, ಎಲ್ಲೆಲ್ಲೂ ಬೆಂಕಿ, ಗೋಡೆ ಕಟ್ಟಿಕೊಂಡು ಒಳಗೆ ಬದುಕುವ ಜನ. 1998ರ ಮುಂದಿನ ಭಾಗದಲ್ಲಿ ಅಮೆರಿಕವನ್ನು ಮತ್ತೆ ದೊಡ್ಡದು ಮಾಡುತ್ತೇನೆ ಎನ್ನುವ ರಾಜಕಾರಣಿಯೂ ಬರುತ್ತಾನೆ. ಇದು ಟ್ರಂಪ್ ಘೋಷಣೆಯೇ ಅಂತ ತೋರಿಸಿ ಈಗ ಎಲ್ಲರೂ ಬೆರಗಾಗುತ್ತಾರೆ. ಆದರೆ ಅದೇ ಘೋಷಣೆ 1980ರ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ರೊನಾಲ್ಡ್ ರೇಗನ್ ಬಳಸಿದ್ದೇ ಅಲ್ವಾ? ಬಟ್ಲರ್ ಕೇಳಿದ್ದನ್ನು ನೆನಪಿಟ್ಟರು, ಅಷ್ಟೆ. ಕಣ್ಣೆದುರಿನ ಸಮಸ್ಯೆಗಳನ್ನು ಹಾಗೇ ಬಿಟ್ಟರೆ ಮೂವತ್ತು ವರ್ಷಕ್ಕೆ ಎಷ್ಟು ಬೆಳೆದಾವು ಅಂತ ನೋಡಿದೆ ಎಂದು ಅವರೇ ಬರೆದಿದ್ದಾರೆ. ಅವರನ್ನು ಜ್ಯೋತಿಷಿ ಮಾಡಿದರೆ ಪೇಪರ್ ಓದಿ, ಲೈಬ್ರರಿಯಲ್ಲಿ ಕೂತು ಪಟ್ಟ ಶ್ರಮವೆಲ್ಲ ಮರೆತುಹೋಗುತ್ತದೆ. ನನಗೆ ಅದೇ ಬೇಜಾರು.

ಪ್ರಶ್ನೆ: ಕೆಲಸ ಮುಗಿಸಿ ಬಂದು ಬರೆಯಲು ಕೂತರೆ ನಿದ್ದೆ. ಬಟ್ಲರ್‌ಗೆ ಇದೆಲ್ಲ ಹೇಗೆ ಸಾಧ್ಯವಾಯಿತು? ಅವರದು ಯಾವುದರಿಂದ ಶುರು ಮಾಡಲಿ?

ಉತ್ತರ: ಅವರು ಬರೆಯುತ್ತಿದ್ದದ್ದು ಬೆಳಗಿನ ಜಾವ ಎರಡಕ್ಕೆ ಎದ್ದು. ಆಮೇಲೆ ಕೂಲಿ: ಪಾತ್ರೆ ತೊಳೆಯುವುದು, ಫೋನಿನಲ್ಲಿ ಮಾರಾಟ, ಆಲೂ ಚಿಪ್ಸ್ ತಪಾಸಣೆ. ತಾಯಿ ಮನೆಗೆಲಸದವರು. ಕೆಲಸದ ಮನೆಯಲ್ಲಿ ಎಸೆದ ಪುಸ್ತಕಗಳನ್ನು ಮಗಳಿಗೆ ತಂದುಕೊಡುತ್ತಿದ್ದರು. ಮಗಳಿಗೋ ಡಿಸ್ಲೆಕ್ಸಿಯಾ, ಓದು ನಿಧಾನ. 1976ರಲ್ಲಿ ಮೊದಲ ಕಾದಂಬರಿ, 1984ರಲ್ಲಿ ಮೊದಲ ಹ್ಯೂಗೊ, ಅಂದರೆ ವೈಜ್ಞಾನಿಕ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿ. 1995ರಲ್ಲಿ ಅಮೆರಿಕದಲ್ಲಿ ಪ್ರತಿಭಾವಂತರಿಗೆ ಕೊಡುವ ಮೆಕಾರ್ಥರ್ ಫೆಲೋಶಿಪ್, 2,95,000 ಡಾಲರ್. ವೈಜ್ಞಾನಿಕ ಕಥೆ ಬರೆಯುವವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ನನ್ನ ಪುಸ್ತಕಗಳು ಬೆಸ್ಟ್ ಸೆಲ್ಲರ್ ಆಗುತ್ತವೆ ಅಂತ ನೋಟ್‌ಬುಕ್‌ನಲ್ಲಿ ತಮಗೆ ತಾವೇ ಆಜ್ಞೆ ಬರೆದುಕೊಂಡಿದ್ದರು. ‘ಸೋವರ್’ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬೆಸ್ಟ್ ಸೆಲ್ಲರ್ ಪಟ್ಟಿಗೆ ಬಂದದ್ದು 2020ರಲ್ಲಿ. ಅವರು 2006ರಲ್ಲೇ ತೀರಿಕೊಂಡಿದ್ದರು. ನೀವು ಎರಡು ಗಂಟೆಗೆ ಏಳಿ ಅಂತ ನಾನು ಹೇಳಲ್ಲ, ನನ್ನ ಕೈಲೂ ಆಗಿಲ್ಲ.

ಶುರುವಿಗೆ ಸಣ್ಣ ಕಥೆ ‘ಸ್ಪೀಚ್ ಸೌಂಡ್ಸ್’ ಸಾಕು, ಒಂದೇ ಸಲಕ್ಕೆ ಮುಗಿಯುತ್ತದೆ. ಮೊದಲ ಹ್ಯೂಗೊ ಬಂದದ್ದು ಇದಕ್ಕೇ. ಒಂದು ರೋಗ ಬಂದು ಕೆಲವರ ಮಾತು, ಕೆಲವರ ಓದು ಹೋಗಿರುತ್ತದೆ. ಬಸ್ಸಿನಲ್ಲಿ ಜಗಳವೂ ಬರೀ ಕೈಸನ್ನೆಯಲ್ಲಿ. ರೈ ಎಂಬಾಕೆಗೆ (ರೈ ಅಂದರೆ ಗೋಧಿಯಂಥ ಒಂದು ಧಾನ್ಯ) ಮಾತು ಉಳಿದಿದೆ, ಅಕ್ಷರ ಹೋಗಿದೆ. ಮನೆಯಲ್ಲಿ ಪುಸ್ತಕಗಳು ಹಾಗೇ ಇವೆ. ಹೆಸರು ಹೇಳಬೇಕಾದಾಗ ಅವಳು ಬಾಯಿ ತೆರೆಯುವುದಿಲ್ಲ, ಚಿನ್ನದ ಗೋಧಿ ತೆನೆಯ ಪಿನ್ನೊಂದನ್ನು ತೋರಿಸುತ್ತಾಳೆ.