ಕಾಲಿನ ಉಗುರು ಮಾಂಸದಾಗ ಹೊಕ್ಕೈತಿ. ಪೂರಾ ಕಿತ್ತಿಸಬೇಕೋ, ಫಿನಾಲ್ ಹಚ್ಚಿಸಬೇಕೋ? ಯಾವುದಕ್ಕ ನೋವು ಕಮ್ಮಿ?

ನೋವು ಯಾವುದಕ್ಕ ಕಮ್ಮಿ ಅಂತ ಕೇಳೀರಲ್ಲ, ನಾನೂ ಅದನ್ನ ಕೇಳೇ ಕೆಟ್ಟೆ.

ನಮ್ಮೂರು ಜಮಖಂಡಿ ಕಡೆ, ಆಗ ಬಾಗಲಕೋಟಿ ನವನಗರದಾಗ ರೂಮ್ ಮಾಡ್ಕೊಂಡು ಸೇಲ್ಸ್ ಕೆಲಸ, ದಿನಾ ಟೈಟ್ ಬೂಟು. ಬಲಗಾಲ ಹೆಬ್ಬೆಟ್ಟು ಬಾತು ಕೀವಾಗಿ ರಾತ್ರಿ ಚಾದರ ತಾಗಿದ್ರೂ ಜೀವ ಹೋಗ್ತಿತ್ತು. ಡಾಕ್ಟರ್ ಅಂದ್ರು, ಬಾಜೂಕಿನ ಒಂದು ಪಟ್ಟಿ ಅಷ್ಟ ಕತ್ತರಿಸಿ ಬೇರಿಗೆ ಫಿನಾಲ್ ಅನ್ನೂ ಸುಡೂ ರಾಸಾಯನಿಕ ಹಚ್ಚಿ ಸುಡೋಣು. ನಾನು ಶಾಣ್ಯಾ, ಬಚ್ಚಲಿಗೆ ಹಾಕೂ ಫಿನಾಯಿಲ್ ಅನ್ಕೊಂಡು ಹೆದರಿ, ಬ್ಯಾಡ್ರೀ ಸರ್, ಪೂರಾ ಉಗುರ ಕಿತ್ತ ಒಗೀರಿ, ಒಮ್ಮೆಲೆ ಪೀಡಾ ಹೋಗಲಿ ಅಂದೆ. ಕಿತ್ರು.

ಇಲ್ಲೇ ನಾ ತಪ್ಪಿದ್ದು ನೋಡ್ರಿ. ಕಬ್ಬು ಕಡದ ಮ್ಯಾಲ ಕುಳೆ ಬರೂದಿಲ್ಲೇನು? ಉಗುರೂ ಹಂಗ. ಮ್ಯಾಲ ಕಾಣೂದು ಬರೇ ತಗಡು, ಅದನ್ನ ಹುಟ್ಟಸೂ ಬೇರು ಹಿಂದ ಚರ್ಮದ ಒಳಗಿರತೈತಿ, ಅದನ್ನ ಬಿಟ್ರ ಅದ ಅಗಲದ ಉಗುರು ಮತ್ತ ಬರತೈತಿ. ಅಷ್ಟ ಅಲ್ಲ, ಉಗುರಿಲ್ಲದ ತಿಂಗಳುಗಟ್ಟಲೆ ಬೆರಳಿನ ತುದಿ ಮಾಂಸ ಮ್ಯಾಲೆದ್ದು ಗ್ವಾಡಿ ಆಗತೈತಿ, ಹೊಸ ಉಗುರು ಬಂದು ಅದಕ್ಕ ಗುದ್ದತೈತಿ. ಕಾಲಿನ ಉಗುರು ತಿಂಗಳಿಗೆ ಒಂದೂವರಿ ಮಿಲಿಮೀಟರ್ ಬೆಳದ್ರ ಹೆಚ್ಚು, ಪೂರ್ತಿ ಬರಾಕ ವರ್ಷದ ಮ್ಯಾಲ ಬೇಕು. ಅಂದ್ರ ನಾನು ವರ್ಷಾನುಗಟ್ಟಲೆ ಕಾದು ಕಾದು ಅದ ನೋವನ್ನ ವಾಪಸ್ ತರಿಸ್ಕೊಂಡೆ!

ಎರಡನೇ ಸಲ ಸುಮ್ಮನ ಫಿನಾಲ್ ಮಾಡಿಸ್ದೆ. ಮಾಡಿಸೂ ಹೊತ್ತಿನ ನೋವು ಅಂದ್ರ ಬೆರಳಿನ ಬುಡಕ್ಕ ಕೊಡೂ ಎರಡು ಇಂಜೆಕ್ಷನ್, ಅದು ಎರಡಕ್ಕೂ ಸೇಮ್, ಅದಕ್ಕ ನಿಮ್ಮ ಪ್ರಶ್ನೇನ ತಪ್ಪು ಅನ್ನೂದು. ಆಮ್ಯಾಲ ರಕ್ತ ಬರದಂಗ ಬೆರಳಿಗೆ ರಬ್ಬರ್ ಬಿಗದು (ರಕ್ತ ಕೂಡಿದ್ರ ಫಿನಾಲ್ ತೆಳುವಾಗಿ ಕೆಲಸ ಮಾಡೂದಿಲ್ಲ), ಉಗುರಿನ ಪಟ್ಟಿ ಎಳದು, ಹತ್ತಿ ಸುತ್ತಿದ ಕಡ್ಡೀಲೆ ಒಂದೊಂದು ನಿಮಿಷ ಹಚ್ಚಿದ್ರು. ಚಾ ಕುಡಿಯೂ ಹೊತ್ತಿನಾಗ ಮುಗೀತು. ಮನ್ಯಾಗ ಮಾತ್ರ ಇದನ್ನ ಮಾಡಾಕ ಹೋಗಬ್ಯಾಡ್ರಿ, ಚರ್ಮ ಸುಟ್ಟು ಹೋಗತೈತಿ.

ಆದ್ರ ಇದು ಒಣಗಾಕ ತಡ. ಮೂರು ವಾರ ಹಳದಿ ನೀರು ಸೋರ್ತಿತ್ತು, ನಮ್ಮವ್ವ ಕೀವು ಅಂತ ಅರಿಷಿಣ ಹಿಡ್ಕೊಂಡು ಬೆನ್ನು ಹತ್ತಿದ್ಲು. ಅದು ಸುಟ್ಟ ಗಾಯದ ನೀರು, ತೊಳದು ಒಣ ಡ್ರೆಸ್ಸಿಂಗ್ ಹಾಕ್ಕೋತ ಇರ್ರಿ. ಕೆಂಪು ಮ್ಯಾಲ ಏರಾಕತ್ರ, ನೋವು ದಿನಾ ಹೆಚ್ಚಾದ್ರ, ಜ್ವರ ಬಂದ್ರ ಅವತ್ತ ಓಡ್ರಿ. ಶುಗರ್ ಇದ್ರ ಡಾಕ್ಟರಿಗೆ ಮೊದಲ ಹೇಳ್ರಿ, ಮುಚ್ಚಬ್ಯಾಡ್ರಿ.

ಈಗ ಆ ಉಗುರು ಒಂದೀಟು ಸಣ್ಣ ಕಾಣ್ತೈತಿ, ಅಷ್ಟ. ಬೂಟು ಮಾತ್ರ ಒಂದು ನಂಬರ್ ದೊಡ್ಡದು ತಗೊಂಡೀನಿ.