4ನೇ ತರಗತಿಯ ಮಕ್ಕಳಿಗೆ ಕನ್ನಡ ನಿಘಂಟು ನೋಡುವುದನ್ನು ಹೇಗೆ ಕಲಿಸುವುದು?

ವರ್ಣಮಾಲೆ ಬಾಯಿಪಾಠ ಬಂದ ಮಗುವೂ ನಿಘಂಟಿನಲ್ಲಿ ಎಡವುತ್ತದೆ. ನಿಜವಾದ ತೊಡಕು ಅಕ್ಷರಗಳ ಅನುಕ್ರಮಕ್ಕಿಂತ ಪದದ ಮೂಲರೂಪದ್ದು. ಪಾಠದಲ್ಲಿ 'ಬಂದಳು' ಇರುತ್ತದೆ, ನಿಘಂಟಿನಲ್ಲಿರುವುದು 'ಬರು'. 'ತಿಂದ'ಕ್ಕೆ 'ತಿನ್ನು', 'ಮರದಲ್ಲಿ'ಗೆ 'ಮರ' ಹುಡುಕಬೇಕು. ಹಾಗಾಗಿ ಪುಸ್ತಕ ತೆರೆಯುವ ಮೊದಲು ಒಂದು ವಾರ ಬರೀ ಬಾಲ ಕತ್ತರಿಸುವ ಆಟ ಆಡಿಸಿ: ನೀವು 'ಹೋದನು' ಅಂದರೆ ಅವರು 'ಹೋಗು' ಅನ್ನಬೇಕು. ಮಕ್ಕಳಿಗೆ ಇದು ಬಹಳ ಇಷ್ಟ.

ಅನುಕ್ರಮಕ್ಕೆ ಹಾಜರಿ ಪುಸ್ತಕದ ಹೆಸರುಗಳೇ ಸಾಕು, ಚೀಟಿಯಲ್ಲಿ ಬರೆದು ಜೋಡಿಸಲಿ. ಮೊದಲ ಅಕ್ಷರ ಒಂದೇ ಆದರೆ ಕಾಗುಣಿತ ನೋಡಬೇಕು: ಕಮಲ, ಕಾವ್ಯ, ಕಿರಣ, ಕುಮಾರ. ಒತ್ತಕ್ಷರದ ಸರದಿ ಕೌ ಮುಗಿದ ಮೇಲೆ, ಅಂದರೆ 'ಕೌಶಿಕ್' ಆದ ನಂತರವೇ 'ಕ್ರಮ'. ಗೋಡೆಯ ಪಟದಲ್ಲಿ ಕ್ಷ, ಜ್ಞ ಕೊನೆಗಿರುವುದರಿಂದ ಮಕ್ಕಳು 'ಕ್ಷಮೆ'ಯನ್ನು ಕೊನೆಯ ಪುಟಗಳಲ್ಲಿ ಹುಡುಕುತ್ತಾರೆ. ಅದು 'ಕ' ವಿಭಾಗದಲ್ಲಿ, 'ಜ್ಞಾನ' 'ಜ'ದಲ್ಲಿ. ಅನುಸ್ವಾರದ ಪದಗಳು ಎಲ್ಲಿವೆ ಎಂದು ನಿಮ್ಮ ಶಾಲೆಯ ಪ್ರತಿಯಲ್ಲೇ ತೋರಿಸಿ.

ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಈ ವಯಸ್ಸಿಗೆ ಬೇಡ. ಕೈಯಲ್ಲಿ ಹಿಡಿಯುವಂಥ ಚಿಕ್ಕದು, ಇಬ್ಬರಿಗೊಂದು ಇದ್ದರೆ ಸಾಕು.