ಅರ್ಧಕ್ಕೆ ಬಿಟ್ಟ ಮಾತ್ರೆ, ಕೊನೆಗೆ ಬರೆದ ಸಾಲು

ಪ್ರಿಯ ಓದುಗರೇ,

ಎಂಡೋಸ್ಕೋಪಿಯಲ್ಲಿ ನಿಮಗೆ ಎಚ್. ಪೈಲೋರಿ ಎಂಬ, ಜಠರದಲ್ಲಿ ನೆಲೆಸುವ ಬ್ಯಾಕ್ಟೀರಿಯಾದ ಸೋಂಕು ಕಂಡು, ವೈದ್ಯರು 14 ದಿನಕ್ಕೆ ಮಾತ್ರೆ ಬರೆದುಕೊಟ್ಟರಂತೆ. ಬಾಯೆಲ್ಲ ಕಹಿಯಾಗಿ ಐದನೇ ದಿನಕ್ಕೇ ಬಿಟ್ಟಿರಂತೆ. ಈಗ ‘ಈ ಸೋಂಕಿದ್ದವರಿಗೆ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಹೆಚ್ಚು’ ಎಂದು ಓದಿದಾಗಿನಿಂದ ನಿದ್ದೆ ಹತ್ತುತ್ತಿಲ್ಲ ಎಂದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ಶೇ 18 ಅಲ್ಲ, ಅರ್ಧಕ್ಕೆ ಬಿಟ್ಟ ಮಾತ್ರೆ.

ಆ ಸಂಖ್ಯೆ 2024ರಲ್ಲಿ ಪ್ರಕಟವಾದ, ಅಮೆರಿಕದ ಮಾಜಿ ಸೈನಿಕರ ಅಧ್ಯಯನದ್ದು. ಪರೀಕ್ಷೆ ಮಾಡಿಸಿಕೊಂಡಿದ್ದ 8 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ತೆಗೆದು ನೋಡಿದಾಗ ನಾಲ್ವರಲ್ಲಿ ಒಬ್ಬರಿಗೆ ಸೋಂಕಿತ್ತು. ಶೇ 18 ಎಂದರೆ ನೂರು ಸೋಂಕಿತರಲ್ಲಿ 18 ಮಂದಿಗೆ ಕ್ಯಾನ್ಸರ್ ಎಂದಲ್ಲ. ಸೋಂಕಿಲ್ಲದ ಒಂದು ದೊಡ್ಡ ಗುಂಪಿನಲ್ಲಿ 100 ಜನರಿಗೆ ಈ ಕಾಯಿಲೆ ಬಂದರೆ, ಅಷ್ಟೇ ದೊಡ್ಡ ಸೋಂಕಿತರ ಗುಂಪಿನಲ್ಲಿ ಸುಮಾರು 118 ಜನರಿಗೆ ಬರುತ್ತದೆ ಎಂದರ್ಥ. ಸೋಂಕೇ ಕಾರಣ ಎಂದು ಇಂಥ ದಾಖಲೆಗಳಿಂದ ಸಾಬೀತಾಗುವುದೂ ಇಲ್ಲ. ಜಠರದ ಕ್ಯಾನ್ಸರಿನ ಮಾತು ಬೇರೆ. ಅದಕ್ಕೆ ಈ ಬ್ಯಾಕ್ಟೀರಿಯಾ ಕಾರಣ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1994ರಲ್ಲೇ ಒಪ್ಪಿದೆ.

ಜಠರದಲ್ಲಿರುವುದು ಅಷ್ಟು ದೂರದ ದೊಡ್ಡ ಕರುಳಿಗೆ ಏನು ಮಾಡೀತು ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಹುಟ್ಟಿನಿಂದಲೇ ಕರುಳಿನ ಗೆಡ್ಡೆಯ ಸಾಧ್ಯತೆ ಹೊತ್ತ ಇಲಿಗಳಿಗೆ ಜರ್ಮನಿಯ ಸಂಶೋಧಕರು ಈ ಸೋಂಕು ತಗುಲಿಸಿ ನೋಡಿದರು. ಗೆಡ್ಡೆಗಳು ಹೆಚ್ಚಾದವು. ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ರಕ್ಷಣಾ ಕಣಗಳು ಕರುಳಿನಲ್ಲಿ ಕಡಿಮೆಯಾಗಿದ್ದವು. ಅಲ್ಲಿನ ಲೋಳೆಯ ಪದರವನ್ನು ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಿದ್ದವು. ಬೇಗನೆ ಆಂಟಿಬಯಾಟಿಕ್ ಕೊಟ್ಟ ಇಲಿಗಳಲ್ಲಿ ಗೆಡ್ಡೆ ಕಡಿಮೆ. ಸೈನಿಕರ ಅಧ್ಯಯನದಲ್ಲೂ ಅಷ್ಟೇ: ಚಿಕಿತ್ಸೆ ಪಡೆದವರಿಗಿಂತ ಪಡೆಯದವರಲ್ಲಿ ಕರುಳಿನ ಕ್ಯಾನ್ಸರ್ ಶೇ 23ರಷ್ಟು, ಅದರಿಂದಾದ ಸಾವು ಶೇ 40ರಷ್ಟು ಹೆಚ್ಚಿತ್ತು.

ದಯವಿಟ್ಟು ವೈದ್ಯರ ಬಳಿ ಮತ್ತೆ ಹೋಗಿ, ಐದು ದಿನಕ್ಕೆ ಬಿಟ್ಟೆ ಎಂದು ಮುಜುಗರವಿಲ್ಲದೆ ಹೇಳಿ. ಉಳಿದ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ. ಆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಉಳಿದಿದ್ದರೆ ಬೇರೆಯದೇ ಬೇಕಾದೀತು. ಈ ಸಲ ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ಬಳಿಕ ಉಸಿರಿನ ಪರೀಕ್ಷೆ ಮಾಡಿಸಿ. ಯೂರಿಯಾ ಬೆರೆಸಿದ ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಒಂದು ಚೀಲಕ್ಕೆ ಊದುವುದು, ಅಷ್ಟೇ. ಬ್ಯಾಕ್ಟೀರಿಯಾ ಉಳಿದಿದ್ದರೆ ಯೂರಿಯಾವನ್ನು ಒಡೆಯುತ್ತದೆ, ಅದರ ಗುರುತು ಉಸಿರಿನಲ್ಲಿ ಸಿಗುತ್ತದೆ. ರಕ್ತಪರೀಕ್ಷೆ ಇದಕ್ಕೆ ಆಗದು, ಸೋಂಕು ಹೋದ ಮೇಲೂ ಅದು ಬಹುಕಾಲ ‘ಪಾಸಿಟಿವ್’ ಎನ್ನುತ್ತಲೇ ಇರುತ್ತದೆ.

ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಬೇಕೇ? ಈ ಸೋಂಕೊಂದೇ ಆಗಿದ್ದರೆ ಅದಕ್ಕಾಗಿ ಬೇಡ ಎನ್ನುತ್ತಿದ್ದೆ. ಆದರೆ ವಯಸ್ಸು 46 ಎಂದು ಬರೆದ ನೀವು, ಸಹಿಯ ಮೇಲೆ ಒಂದೇ ಸಾಲಿನಲ್ಲಿ ‘ಅಣ್ಣನಿಗೆ 52ರಲ್ಲಿ ಕರುಳಿನ ಕ್ಯಾನ್ಸರ್ ಆಗಿತ್ತು’ ಎಂದು ಸೇರಿಸಿದ್ದೀರಿ. ಒಡಹುಟ್ಟಿದವರಿಗೆ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಅದರ ಮುಂದೆ ಶೇ 18 ಚಿಕ್ಕದು. ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಕಂಡರೆ ಆ ಪರೀಕ್ಷೆಯಲ್ಲೇ, ಕ್ಯಾನ್ಸರ್ ಆಗುವ ಮುಂಚೆಯೇ, ಕತ್ತರಿಸಿ ತೆಗೆಯಬಹುದು. ವೈದ್ಯರ ಎದುರು ಕೂತಾಗ ಅಣ್ಣನ ವಿಷಯವನ್ನೇ ಮೊದಲು ಹೇಳಿ.

— ಸಂಪಾದಕ